ಮಗಳ ಸಾಲಿನಲ್ಲಿ ನಾನು ಬರೆದದ್ದು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೇಶಗಳನ್ನು ಒಂದು ಪುಟಕ್ಕೆ ಇಳಿಸುವುದು ನನ್ನ ಕೆಲಸವಾಗಿತ್ತು. ಬರ್ಬ್ಯಾಂಕಿನ ಒಂದು ಟೀವಿ ಕಂಪನಿಯ ಮಾಹಿತಿ ವಿಭಾಗದಲ್ಲಿ ನಾವು ಮೂವರು ಕೂತಿರುತ್ತಿದ್ದೆವು. ಸುದ್ದಿ ಓದುವವರಿಗೆ ಯಾವ ದೇಶದ ಬಗ್ಗೆ ಬೇಕಾದರೂ ಕೇಳಿದ ದಿನವೇ ಒಂದು ಹಾಳೆ ಕೊಡಬೇಕು. ಅದರಲ್ಲಿ ರಾಜಧಾನಿ, ಭಾಷೆ, ಬೆಳೆ, ಕೈಗಾರಿಕೆ, ಜನರಲ್ಲಿ ಯಾವ ಗುಂಪಿನವರು ಎಷ್ಟು, ಊರಿನ ಹೆಸರುಗಳನ್ನು ಉಚ್ಚರಿಸುವುದು ಹೇಗೆ, ಎಲ್ಲ ಇರಬೇಕು. ಆ ವರ್ಷಗಳಲ್ಲಿ ಹಳೆಯ ದೇಶಗಳು ಒಡೆದು ಹೊಸವು ಹುಟ್ಟುತ್ತಲೇ ಇದ್ದವು. ಗೋಡೆಯ ಮೇಲಿನ ಭೂಪಟ ಬದಲಿಸಿ ಬದಲಿಸಿ ಸಾಕಾಗಿ, ಕೊನೆಗೆ ಹಳೆಯದರ ಮೇಲೇ ಪೆನ್ಸಿಲಿನಿಂದ ಗಡಿ ಎಳೆಯತೊಡಗಿದ್ದೆವು.

ಬೋಸ್ನಿಯ ನನ್ನ ಪಾಲಿಗೆ ಬಂತು. ‘ಈಚೆಗಷ್ಟೇ ಸ್ವತಂತ್ರವಾದ, ಜನಾಂಗೀಯ ಕಲಹದಿಂದ ಒಡೆದುಹೋಗಿರುವ ದೇಶ’ ಎಂದು ಮೊದಲ ಸಾಲು ಬರೆದೆ. ಕೆಳಗೆ ಮೂರು ಗುಂಪುಗಳು: ಮುಸ್ಲಿಮರು, ಸರ್ಬರು, ಕ್ರೊಯೇಟರು. ಅವರ ಕೆಳಗೆ ‘ಇತರರು’. ಕಾಫಿ ಆರುವುದರೊಳಗೆ ಪುಟ ಮುಗಿದಿತ್ತು. ಆಗ ನನಗೆ ನನ್ನ ಬಗ್ಗೆ ತುಸು ಜಂಬವೂ ಇತ್ತು, ಯಾವ ದೇಶವಾದರೂ ನನ್ನ ಕೈಯಲ್ಲಿ ಒಂದು ಹಾಳೆಗೆ ಮೀರುತ್ತಿರಲಿಲ್ಲ.

ಉಚ್ಚಾರ ಮಾತ್ರ ಉಳಿದಿತ್ತು. ಸ್ಯಾನ್ ಡಿಯೇಗೊದಲ್ಲಿ ನಮಗೆ ಪರಿಚಯದ ಒಬ್ಬ ಮೈಸೂರಿನ ಹೆಂಗಸಿದ್ದರು. ಗಂಡ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಆಕೆ ಮಸೀದಿಯ ಇತರ ಹೆಂಗಸರ ಜೊತೆ ಸೇರಿಕೊಂಡು ಬೋಸ್ನಿಯದಿಂದ ಬಂದ ನಿರಾಶ್ರಿತ ಕುಟುಂಬಗಳಿಗೆ ಪಾತ್ರೆ, ಹಾಸಿಗೆ, ಶಾಲೆಯ ಅಡ್ಮಿಶನ್ ಇತ್ಯಾದಿ ಹೊಂದಿಸಿಕೊಡುತ್ತಿದ್ದರು. ನನ್ನ ಮಗ ಅವರನ್ನು ಮೈಸೂರು ಆಂಟಿ ಎನ್ನುತ್ತಿದ್ದ. ನಾವೂ ಹಾಗೇ ಕರೆಯುತ್ತಿದ್ದೆವು. ಫೋನ್ ಮಾಡಿದೆ. ‘ಬನ್ರೀ, ಒಬ್ಬರಿದ್ದಾರೆ. ಇಂಗ್ಲಿಷ್ ಸುಮಾರಾಗಿ ಬರುತ್ತೆ. ಊಟ ನಮ್ಮನೇಲೇ’ ಎಂದರು. ಒಂದು ಶನಿವಾರ ಕಲ್ವರ್ ಸಿಟಿಯ ಮನೆಯಿಂದ ಬೆಳಿಗ್ಗೆಯೇ ಹೊರಟೆ.

ಆ ಬೋಸ್ನಿಯದ ಹೆಂಗಸಿಗೆ ನನಗಿಂತ ಐದಾರು ವರ್ಷ ಕಡಿಮೆ. ಒಂದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಒಂಬತ್ತು ವರ್ಷದ ಮಗಳೊಂದಿಗೆ ಇದ್ದಳು. ನಾನು ಬರೆದುಕೊಂಡು ಹೋಗಿದ್ದ ಊರುಗಳ ಹೆಸರನ್ನು ಒಂದೊಂದಾಗಿ ಓದಿ ಹೇಳಿದಳು, ನಾನು ತಪ್ಪು ಹೇಳಿದಾಗ ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ತಾಯಿ ನನ್ನ ಪುಟವನ್ನು ತೆಗೆದುಕೊಂಡು ಮೊದಲಿನಿಂದ ಓದಿದಳು. ಮೂರು ಗುಂಪುಗಳ ಹತ್ತಿರ ಬೆರಳು ನಿಂತಿತು.

‘ನೀವು ಇದರಲ್ಲಿ ಯಾವುದು?’ ಎಂದು ಕೇಳಿದೆ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಹೀಗೆ ಕೇಳಿಬಿಡುತ್ತೇವೆ, ಆ ಅಭ್ಯಾಸ ಅಮೆರಿಕಕ್ಕೆ ಬಂದರೂ ಹೋಗುವುದಿಲ್ಲ.

‘ನಾನು ಹುಟ್ಟಿನಿಂದ ಸರ್ಬ್. ಗಂಡ ಮುಸ್ಲಿಂ. ಜನಗಣತಿಯವನು ಬಾಗಿಲಿಗೆ ಬಂದಾಗ ಅವನು ಸ್ನಾನಕ್ಕೆ ಹೋಗಿದ್ದ. ಒಳಗಿನಿಂದಲೇ ಕೂಗಿದ, ನಿನಗೆ ಇಷ್ಟ ಬಂದದ್ದು ಬರೆಸು, ನನ್ನ ಸೋಪು ಎಲ್ಲಿ ಹೋಯಿತು ಅಂತ’ ಎಂದಳು. ಇದನ್ನು ಹೇಳುವಾಗ ಅವಳು ಜೋರಾಗಿ ನಕ್ಕಳು.

ಅವಳ ಗಂಡ ಊರಿನ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು. ಆ ಸಣ್ಣ ಊರಿನಲ್ಲಿ ಸ್ಟಿಯರಿಂಗ್ ಹಿಡಿಯಲು ಬಂದವರೆಲ್ಲ ಅವನ ಶಿಷ್ಯರೇ. ಯುದ್ಧ ಹತ್ತಿರ ಬಂದಾಗ ಊರು ಬಿಡುವ ಬಸ್ಸಿಗೆ ಹೆಂಗಸರು ಮಕ್ಕಳನ್ನು ಮಾತ್ರ ಹತ್ತಿಸಿಕೊಂಡರು. ಇವರಿಬ್ಬರನ್ನು ಹತ್ತಿಸಿ ಅವನು ಹಿಂದೆ ಉಳಿದ. ಒಂದೂವರೆ ವರ್ಷ ಸುದ್ದಿಯೇ ಇರಲಿಲ್ಲ. ಆಮೇಲೆ ಕ್ರೊಯೇಶಿಯದ ಒಂದು ನಿರಾಶ್ರಿತರ ಶಿಬಿರದಿಂದ ಪತ್ರ ಬಂತು. ದಾರಿಯಲ್ಲಿ ಸರ್ಬ್ ಪಡೆಯ ಒಂದು ತಪಾಸಣೆಯ ಕಟ್ಟೆಯಲ್ಲಿ ಬಂದೂಕು ಹಿಡಿದು ನಿಂತಿದ್ದವನು ಅವನ ಹಳೆಯ ಶಿಷ್ಯನಂತೆ. ಮುಖ ತಿರುಗಿಸಿಕೊಂಡು ಬಿಟ್ಟುಬಿಟ್ಟನಂತೆ. ಆ ಹುಡುಗ ಟೆಸ್ಟಿನಲ್ಲಿ ಎರಡು ಸಲ ಫೇಲಾಗಿದ್ದ ಎಂದೂ ಪತ್ರದಲ್ಲಿ ಬರೆದಿದ್ದ.

ಈಗ ಅವನನ್ನು ಇಲ್ಲಿಗೆ ಕರೆಸಿಕೊಳ್ಳಬೇಕು. ಶಿಬಿರವನ್ನು ಮುಚ್ಚುವ ಮಾತು ನಡೆಯುತ್ತಿತ್ತು; ಮುಚ್ಚಿದರೆ ಅಲ್ಲಿರುವವರನ್ನು ಎಲ್ಲಿಗೆ ಕಳಿಸುತ್ತಾರೋ ಯಾರಿಗೂ ಗೊತ್ತಿಲ್ಲ. ನಿರಾಶ್ರಿತರ ನೆರವಿನ ಕಚೇರಿಯವರು ಕೊಟ್ಟ ಫಾರ್ಮ್ ಅವಳ ಮೇಜಿನ ಮೇಲೆ ಎರಡು ವಾರದಿಂದ ಬಿದ್ದಿತ್ತು. ನಾನು ‘ಕೊಡಿ ಇಲ್ಲಿ’ ಎಂದೆ. ನಮ್ಮಂಥವರಿಗೆ ಫಾರ್ಮ್ ತುಂಬುವುದು ನೀರು ಕುಡಿದಷ್ಟು ಸುಲಭ. ರೇಷನ್ ಕಾರ್ಡಿನಿಂದ ಗ್ರೀನ್ ಕಾರ್ಡಿನವರೆಗೆ ಅದೇ ಕೆಲಸ ತಾನೆ? ಹೆಸರು, ಹುಟ್ಟಿದ ದಿನ, ಊರು ಎಂದು ನಾನು ಕೇಳುತ್ತ ಹೋದೆ, ಅವಳು ಹೇಳುತ್ತ ಹೋದಳು. ಎಥ್ನಿಕ್ ಗ್ರೂಪ್ ಎಂಬ ಕಾಲಂ ಬಂತು. ಅದನ್ನು ಕೇಳಬೇಕೆಂದು ನನಗೆ ಅನ್ನಿಸಲಿಲ್ಲ, ಆಗಲೇ ಹೇಳಿದ್ದಳಲ್ಲ. ಗಂಡನ ಸಾಲಿನಲ್ಲಿ ಮುಸ್ಲಿಂ ಎಂದು ಬರೆದೆ. ಅವಳ ಸಾಲಿನಲ್ಲಿ ಸರ್ಬ್. ಅದರ ಕೆಳಗಿನದು ಮಗಳ ಸಾಲು. ಅಲ್ಲೂ ಸರ್ಬ್ ಎಂದು ಬರೆದು ಪುಟ ತಿರುವಿದೆ. ಗಂಟೆ ಎರಡೂವರೆಯಾಗಿತ್ತು. ಆಗಲೇ ಹೊರಡದಿದ್ದರೆ ಫ್ರೀವೇಯಲ್ಲಿ ಸಿಕ್ಕಿಬೀಳುತ್ತೇನೆಂದು ನನಗೆ ಅವಸರ. ‘ಇಲ್ಲಿ ಸೈನ್ ಮಾಡಿ, ಇಲ್ಲಿ, ಮತ್ತೆ ಇಲ್ಲಿ’ ಎಂದು ಬೆರಳು ತೋರಿಸಿದೆ. ಅವಳು ಓದದೆ ಸಹಿ ಹಾಕಿದಳು. ಒಳ್ಳೆಯ ಕೆಲಸ ಮಾಡಿದೆನೆಂದು ದಾರಿಯುದ್ದಕ್ಕೂ ಹಿಗ್ಗುತ್ತ ಬಂದೆ.

ಐದು ತಿಂಗಳು ಕಳೆದವು. ನಡುವೆ ನಾನು ಎರಡು ಮೂರು ಸಲ ಅವಳ ಮನೆಗೆ ಹೋಗಿದ್ದೆ. ಶಿಬಿರದಲ್ಲಿ ಗಂಡನ ಇಂಟರ್‌ವ್ಯೂ ಆಯಿತೆಂದು ತಿಳಿದಿತ್ತು. ಆದರೆ ಅಲ್ಲಿಯತನಕ ವಾರಕ್ಕೊಂದು ಬರುತ್ತಿದ್ದ ಅವನ ಪತ್ರ ಇಂಟರ್‌ವ್ಯೂ ಆದಮೇಲೆ ನಿಂತುಹೋಯಿತು. ಅವಳು ಶಿಬಿರದ ಕಚೇರಿಗೆ ಫೋನ್ ಮಾಡಿದರೆ ಬಂದು ರಿಸೀವರ್ ಹಿಡಿದು, ಚೆನ್ನಾಗಿದ್ದೇನೆ, ಮಗಳಿಗೆ ಕೊಡು ಎನ್ನುತ್ತಿದ್ದನಂತೆ. ಮಗಳೊಂದಿಗೆ ಮಾತಾಡಿ ಇಟ್ಟುಬಿಡುತ್ತಿದ್ದನಂತೆ.

‘ನಿಮ್ಮ ದೇಶದಲ್ಲೂ ಗಂಡಸರು ಹೀಗೆ ಇದ್ದಕ್ಕಿದ್ದಂತೆ ಮೌನವಾಗುತ್ತಾರಾ?’ ಎಂದು ಅವಳು ಕೇಳಿದಳು.

‘ನಮ್ಮಲ್ಲಿ ಮೊದಲಿನಿಂದಲೇ ಮಾತಾಡುವುದಿಲ್ಲ’ ಎಂದೆ. ನಗಿಸಲೆಂದು ಹೇಳಿದ್ದು. ಅವಳು ನಗಲಿಲ್ಲ. ಅಲ್ಲಿ ಇನ್ನೊಬ್ಬಳು ಸಿಕ್ಕಿರಬೇಕು ಎಂದು ಅವಳ ಮನಸ್ಸಿಗೆ ಬಂದಿತ್ತು.

ಆರನೆಯ ತಿಂಗಳಿನಲ್ಲಿ ಮೈಸೂರು ಆಂಟಿಯ ಫೋನ್ ಬಂತು. ‘ಶನಿವಾರ ತಪ್ಪಿಸ್ಬೇಡಿ, ಬನ್ನಿ. ಕಚೇರಿಯಿಂದ ಕಾಗದ ಬಂದಿದೆ. ಫೈಲ್ ನಿಲ್ಸಿದಾರೆ.’ ಹೋದೆ. ಆ ಬೋಸ್ನಿಯದವಳ ಅಡುಗೆಮನೆಯ ಮೇಜಿನ ಮೇಲೆ ನಾನು ತುಂಬಿದ ಫಾರ್ಮಿನ ನಕಲಿತ್ತು, ಮಗಳ ಸಾಲಿನ ಸುತ್ತ ಯಾರೋ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದರು. ತಂದೆ ಮುಸ್ಲಿಂ ಎನ್ನುತ್ತೀರಿ, ಮಗು ಸರ್ಬ್ ಎನ್ನುತ್ತೀರಿ. ಈ ಮಗು ಅರ್ಜಿದಾರಳ ಹಿಂದಿನ ಸಂಬಂಧದ್ದೇ, ತಂದೆ ಯಾರು, ಈ ಮದುವೆ ನಿಜವಾದದ್ದೇ ಎಂದೆಲ್ಲ ಕಾಗದದಲ್ಲಿ ಕೇಳಿದ್ದರು.

‘ಏನ್ರೀ ಇದು? ಮಗು ಮುಂದೆ ಸರ್ಬ್ ಅಂತ ಬರ್ದಿದೀರಲ್ಲ?’ ಎಂದರು ಮೈಸೂರು ಆಂಟಿ.

‘ಹೌದು. ತಾಯಿ ಸರ್ಬ್ ಅಲ್ವಾ?’

‘ತಾಯಿ ಏನಾದ್ರೂ ಆಗಿರ್ಲಿ. ಮಗು ಅಪ್ಪನ ಕಡೆ ತಾನೆ?’

‘ಅಪ್ಪನ ಕಡೆ ಹೇಗಾಗ್ತದೆ ಮಾರಾಯ್ರೆ? ಹೆತ್ತದ್ದು ಯಾರು?’

ಅವರು ನನ್ನನ್ನು ಒಂದು ಥರಾ ನೋಡಿದರು. ನನಗೂ ಆಗಲೇ ಬುದ್ಧಿ ಬಂದದ್ದು. ನಾನು ಉಡುಪಿ ಕಡೆಯವಳು, ಅಳಿಯಕಟ್ಟಿನ ಮನೆ. ನಮ್ಮಲ್ಲಿ ಮಕ್ಕಳು ತಾಯಿಯ ಬಳಿ, ಅಂದರೆ ತಾಯಿಯ ವಂಶ. ನಾನು, ನನ್ನ ಅಣ್ಣ, ನನ್ನ ಮಗ ಎಲ್ಲರೂ ನಮ್ಮ ಅಮ್ಮನ ಬಳಿಯವರು. ಅಣ್ಣನ ಮಕ್ಕಳು ಅತ್ತಿಗೆಯ ಬಳಿಯವರು. ನನ್ನ ತಂದೆ ಬೇರೆ ಬಳಿಯವರು. ನಮ್ಮ ಮನೆಯ ದೈವದ ಕಾರ್ಯಗಳಲ್ಲಿ ಅವರು ಮರ್ಯಾದೆಯಿಂದ ಒಂದು ಬದಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಆಸ್ತಿಯ ಕಾನೂನು ಬದಲಾಗಿ ಎಷ್ಟೋ ಕಾಲವಾದರೂ ಬಳಿ ಬದಲಾಗಿಲ್ಲ. ಮಗು ಯಾರದು ಎಂದು ಕೇಳಿದರೆ ನನ್ನ ಕೈ ಯೋಚನೆ ಮಾಡುವುದಿಲ್ಲ, ತಾಯಿಯ ಸಾಲನ್ನು ನೋಡಿ ಬರೆದುಬಿಡುತ್ತದೆ. ಮೈಸೂರು ಆಂಟಿ ತುಂಬಿದ್ದರೆ ಅವರ ಕೈಯೂ ಯೋಚಿಸದೆ ತಂದೆಯ ಸಾಲನ್ನು ನೋಡುತ್ತಿತ್ತು.

ನಾವಿಬ್ಬರೂ ಕನ್ನಡದಲ್ಲಿ ಕಿತ್ತಾಡುವುದನ್ನು ಆ ಹೆಂಗಸು ನೋಡುತ್ತ ನಿಂತಿದ್ದಳು. ‘ಯಾವುದಕ್ಕೆ ಜಗಳ?’ ಎಂದು ಕೇಳಿದಳು.

‘ನಿಮ್ಮ ಮಗಳು ಯಾರ ಕಡೆಯವಳು ಅಂತ’ ಎಂದೆ.

‘ಇದಕ್ಕೇ ನಾನು ಅಲ್ಲಿಂದ ಓಡಿಬಂದದ್ದು’ ಎಂದಳು ಅವಳು.

ನನಗೆ ಎಷ್ಟು ನಾಚಿಕೆಯಾಯಿತೆಂದರೆ ಆ ಕುರ್ಚಿಯಲ್ಲಿ ಕೂತಿರಲಾಗಲಿಲ್ಲ. ಎದ್ದು ಸಿಂಕಿನಲ್ಲಿದ್ದ ಪಾತ್ರೆ ತೊಳೆದೆ. ಮಗಳ ಬಗ್ಗೆ ಏನು ಬರೆಯಬೇಕು ಎಂದು ಕೇಳಿದಾಗ, ತಾನೂ ಗಂಡನೂ ಅದನ್ನು ಯಾವತ್ತೂ ತೀರ್ಮಾನ ಮಾಡಿರಲಿಲ್ಲ ಎಂದಳು. ಖಾಲಿ ಬಿಡುವ ಹಾಗಿಲ್ಲ ಎಂದು ಕಚೇರಿಯವರು ಹೇಳಿದ್ದರಿಂದ ಕೊನೆಗೆ ‘ಎರಡೂ’ ಎಂದು ಬರೆಸಿದಳು. ಈ ಸಲ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ ತೋರಿಸಿದ ಮೇಲೆಯೇ ಸಹಿ ಹಾಕಿಸಿಕೊಂಡೆ.

ಅಷ್ಟಕ್ಕೇ ಮುಗಿಯಲಿಲ್ಲ. ಫಾರ್ಮ್ ತುಂಬಿದವರು ಯಾಕೆ ಹಾಗೆ ಬರೆದರೆಂದು ವಿವರಣೆ ಬೇಕಾಗಿತ್ತು. ಮುಂದಿನ ಸೋಮವಾರ ಬರ್ಬ್ಯಾಂಕಿನ ನನ್ನ ಮೇಜಿನಲ್ಲೇ ಕೂತು ಅದನ್ನು ಬರೆದೆ. ಬೋಸ್ನಿಯಕ್ಕೆ ಕಾಫಿ ಆರುವಷ್ಟು ಹೊತ್ತು ಸಾಕಾಗಿತ್ತು. ನಮ್ಮ ಮನೆಯ ಬಗ್ಗೆ ಒಂದು ಪುಟ ಬರೆಯಲು ಇಡೀ ದಿನ ಹಿಡಿಯಿತು. ಭಾರತದ ಪಶ್ಚಿಮ ಕರಾವಳಿಯಲ್ಲಿ ಕೆಲವು ಸಮುದಾಯಗಳಿವೆ ಎಂದು ಶುರುಮಾಡಿ ಹರಿದು ಹಾಕಿದೆ. ಇದು ಹಿಂದುಳಿದ ಪದ್ಧತಿಯಲ್ಲ ಎಂದು ಒಂದು ಸಾಲು ಬರೆದು, ಹಾಗೆ ಹೇಳಬೇಕಾಯಿತಲ್ಲ ಎಂದು ಸಿಟ್ಟು ಬಂದು ಹೊಡೆದು ಹಾಕಿದೆ. ಕೊನೆಗೆ ಉಳಿದದ್ದು ಇಷ್ಟು: ನನ್ನ ಊರಿನ ರೂಢಿಯಲ್ಲಿ ಮಗು ತಾಯಿಯದು, ಆ ರೂಢಿಯಿಂದ ನಾನು ತಾಯಿಯನ್ನು ಕೇಳದೆಯೇ ಬರೆದೆ, ತಪ್ಪು ನನ್ನದು, ಅವಳದಲ್ಲ.

ಸಂಜೆ ಅದನ್ನು ನನ್ನ ಗಂಡನಿಗೆ ಓದಿ ಹೇಳಿದೆ. ‘ಮಗ ನನ್ನದಲ್ಲ ಅಂತ ಅಮೆರಿಕ ಸರಕಾರಕ್ಕೆ ಬರ್ದು ಕೊಡ್ಲಿಕ್ಕೆ ಹೊರಟಿದ್ದಿ ಅಲ್ವಾ ಮಾರಾಯ್ತಿ?’ ಎಂದರು. ನೆರವಿನ ಕಚೇರಿಯ ಹೆಂಗಸು ಆ ಪುಟವನ್ನು ಎರಡು ಸಲ ಓದಿ, ‘ಇದು ನಿಜವಾ? ಇದಕ್ಕೆ ಗಂಡಸರು ಒಪ್ಪುತ್ತಾರಾ?’ ಎಂದು ಕೇಳಿದಳು. ಒಪ್ಪುತ್ತಾರೆ ಎಂದೆ. ಅವಳು ಅದನ್ನು ಫೈಲಿಗೆ ಸೇರಿಸಿದಳು.

ಮತ್ತೆ ನಾಲ್ಕು ತಿಂಗಳಾದ ಮೇಲೆ ಅನುಮತಿ ಬಂತು. ಅವನ ವಿಮಾನ ಲಾಸ್ ಏಂಜಲಿಸಿಗೆ ಬರುವುದಿತ್ತು. ಏರ್‌ಪೋರ್ಟು ನಮ್ಮ ಮನೆಗೆ ಹತ್ತಿರ, ಕಾರು ನನ್ನದು, ತಪ್ಪೂ ನನ್ನದು. ಕರೆದುಕೊಂಡು ಬಂದು ಸ್ಯಾನ್ ಡಿಯೇಗೊ ತಲುಪಿಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ತಾಯಿ ಮಗಳು ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು. ಅವಳು ಬೆಳಿಗ್ಗೆ ಎರಡು ಸಲ ಆಳೆತ್ತರದ ಕನ್ನಡಿಯ ಮುಂದೆ ನಿಂತು ಬ್ಲೌಸ್ ಬದಲಿಸಿದಳು.

ಅವನು ಹೊರಗೆ ಬಂದ. ಫೋಟೋದಲ್ಲಿ ಇದ್ದದ್ದಕ್ಕಿಂತ ಸಣ್ಣಗಾಗಿದ್ದ. ಮಗಳನ್ನು ಎತ್ತಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಹೆಂಡತಿಯ ಕೈ ಕುಲುಕಿದ. ಹೌದು, ಕೈ ಕುಲುಕಿದ, ಬ್ಯಾಂಕಿನ ಮ್ಯಾನೇಜರನ್ನು ಕಂಡ ಹಾಗೆ. ಅವಳು ಬ್ಲೌಸಿನ ತುದಿ ಸರಿಮಾಡಿಕೊಳ್ಳುತ್ತ ನಿಂತಳು.

ಕಾರಿನಲ್ಲಿ ಅವನು ನನ್ನ ಪಕ್ಕ ಕೂತ, ಅವರಿಬ್ಬರು ಹಿಂದೆ. ಸ್ವಲ್ಪ ಹೊತ್ತು ನನ್ನ ಡ್ರೈವಿಂಗನ್ನು ಮೇಷ್ಟ್ರ ಹಾಗೆ ಗಮನಿಸಿದ. ಸ್ಯಾನ್ ಕ್ಲೆಮೆಂಟೆ ದಾಟಿ ಸಮುದ್ರ ಕಾಣಿಸತೊಡಗಿದಾಗ ನಾನು ಇನ್ನು ತಡೆಯಲಾರದೆ, ಆ ಫಾರ್ಮ್ ಬರೆದದ್ದು ನಾನು, ಕ್ಷಮಿಸಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಿಂದಿನಿಂದ ಮಗಳು ಅದನ್ನು ಅವರ ಭಾಷೆಗೆ ತಿರುಗಿಸಿದಳು. ಅಂಗಡಿಯಲ್ಲಿ, ಡಾಕ್ಟರ ಹತ್ತಿರ ಅಮ್ಮನಿಗಾಗಿ ಮಾಡಿ ಮಾಡಿ ಅವಳಿಗೆ ಅದು ಅಭ್ಯಾಸ. ಅವನು ಏನೋ ಹೇಳಿದ. ಮಗಳು ಅದನ್ನೂ ತಿರುಗಿಸಿದಳು, ಸ್ವರದಲ್ಲಿ ಏರಿಳಿತವಿಲ್ಲದೆ.

‘ನೀವು ನಿಜವಾಗಿ ಇದ್ದೀರಿ ಅಂತ ಅಪ್ಪ ನಂಬಿರಲಿಲ್ಲವಂತೆ. ಶಿಬಿರದಲ್ಲಿ ಓದಿ ಹೇಳಿದ ನಿಮ್ಮ ವಿವರಣೆಯ ಕಾಗದವನ್ನು ಯಾರೋ ಬುದ್ಧಿವಂತ ಲಾಯರ್ ಬರೆದಿರಬೇಕು ಅಂದುಕೊಂಡಿದ್ದರಂತೆ. ಅಂಥ ದೇಶ ಎಲ್ಲಿದೆ ಅಂತ.’

‘ಇದೆ’ ಎಂದೆ. ‘ಎಲ್ಲ ನಿಜ. ನಮ್ಮ ಮನೆಯಲ್ಲಿ ಹಾಗೇ.’

ಅವನು ಮತ್ತೆ ಮಾತಾಡಿದ, ಈ ಸಲ ಉದ್ದಕ್ಕೆ, ರಸ್ತೆಯನ್ನೇ ನೋಡುತ್ತ. ಮಗಳು ಕೇಳಿಸಿಕೊಂಡು ಹೇಳಿದಳು: ‘ಇಂಟರ್‌ವ್ಯೂ ಮಾಡಿದವರು ಕೇಳಿದರಂತೆ, ನಿನ್ನ ಮಗಳು ಸರ್ಬ್ ಅಂತ ನಿನ್ನ ಹೆಂಡತಿ ಬರೆದಿದ್ದಾಳೆ, ಯಾಕೆ ಅಂತ. ಅಪ್ಪನಿಗೆ ಗೊತ್ತಾಗಲಿಲ್ಲವಂತೆ. ಅಮ್ಮ ನನ್ನನ್ನು ತನ್ನ ಕಡೆಗೆ ತೆಗೆದುಕೊಂಡುಬಿಟ್ಟಳು ಅಂದುಕೊಂಡರಂತೆ. ಶಿಬಿರದಲ್ಲಿ ತುಂಬ ಜನರ ಹೆಂಡತಿಯರು ಹಾಗೆ ಮಾಡಿದ್ದರಂತೆ.’

ಪತ್ರಗಳು ನಿಂತದ್ದು ಯಾಕೆಂದು ನಮಗೆ ಆಗ ತಿಳಿಯಿತು, ನನಗೂ ಅವಳಿಗೂ ಒಂದೇ ಕ್ಷಣದಲ್ಲಿ. ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಅವಳು ಗಂಡನಿಗೆ ಒಂದೇ ಒಂದು ಮಾತು ಕೇಳಿದಳು. ಅದನ್ನು ಮಗಳು ತಿರುಗಿಸಲಿಲ್ಲ, ತಿರುಗಿಸಬೇಕಾಗಿಯೂ ಇರಲಿಲ್ಲ. ನಂಬಿದೆಯಾ ಎಂದು ಕೇಳಿದ್ದಳು. ಅವನು ಸಮುದ್ರದ ಕಡೆ ಮುಖ ತಿರುಗಿಸಿಕೊಂಡ.

‘ಕಾರು ನಿಲ್ಲಿಸಿ’ ಎಂದಳು ನನಗೆ.

ಆ ರಸ್ತೆಯಲ್ಲಿ ಸೈನ್ಯದ ಜಾಗದ ನಡುವೆ ಒಂದು ರೆಸ್ಟ್ ಏರಿಯಾ ಬರುತ್ತದೆ. ಅಲ್ಲಿಗೆ ತಿರುಗಿಸಿ ನಿಲ್ಲಿಸಿದೆ. ಅವಳು ಇಳಿದು ಬಾಗಿಲು ಹಾಕದೆ ನಡೆದಳು, ಮೇಜುಗಳನ್ನೂ ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಜನರನ್ನೂ ದಾಟಿ ಬೇಲಿಯವರೆಗೆ ಹೋಗಿ ಸಮುದ್ರದ ಕಡೆ ಮುಖಮಾಡಿ ನಿಂತಳು. ಅವನು ಕೂತಲ್ಲೇ ಕೂತಿದ್ದ. ನಾನು ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದೆ. ಪ್ರಾಣ ಹೋದರೂ ಇನ್ನೊಬ್ಬರ ಫಾರ್ಮ್ ಮುಟ್ಟಬಾರದು ಎಂದು ಆಗ ಅಂದುಕೊಂಡೆ. ಯುದ್ಧ ಆ ಮದುವೆಗೆ ಮಾಡಲಾಗದ್ದನ್ನು ನಾನು ಒಂದು ಬಾಲ್‌ಪೆನ್ನಿನಿಂದ ಮಾಡಿದ್ದೆ. ಆದರೆ ಆ ಒಂದು ಪದ ಕೇಳಿ ಅವನು ನಂಬಿದನಲ್ಲ, ಅದನ್ನು ನಾನು ಬರೆದಿರಲಿಲ್ಲ. ಅದು ಅವನ ಒಳಗೆ ಆಗಲೇ ಇತ್ತು. ಆ ದೇಶ ಒಡೆದಿದೆ ಎಂದು ಟೀವಿಯವರಿಗೆ ಬರೆದುಕೊಟ್ಟಾಗ, ಒಡಕು ಇಷ್ಟು ಒಳಗೆ ಬಂದಿರುತ್ತದೆಂದು ನನಗೆ ಗೊತ್ತಿರಲಿಲ್ಲ.

‘ಇದೆಲ್ಲ ನನ್ನಿಂದಾನಾ?’ ಎಂದು ಮಗಳು ಹಿಂದಿನಿಂದ ಕೇಳಿದಳು.

‘ಅಲ್ಲ, ನನ್ನಿಂದ’ ಎಂದೆ.

ಅವಳು ಅದನ್ನೂ ಅಪ್ಪನಿಗೆ ತಿರುಗಿಸಿ ಹೇಳಿದಳು. ತನ್ನ ಪ್ರಶ್ನೆಯನ್ನೂ ಹೇಳಿದಳೆಂದು ಕಾಣುತ್ತದೆ. ಅವನು ಹಿಂದಕ್ಕೆ ತಿರುಗಿ ಅವಳನ್ನು ನೋಡಿದ. ಆಮೇಲೆ ಇಳಿದು ಬೇಲಿಯ ಕಡೆ ಹೋದ. ಹೆಂಡತಿಯಿಂದ ಎರಡು ಮಾರು ದೂರದಲ್ಲಿ ನಿಂತ. ಏನು ಮಾತಾಡಿದರೋ ನಮಗೆ ಕೇಳಿಸುವಂತಿರಲಿಲ್ಲ. ಅರ್ಧ ಗಂಟೆಯ ಮೇಲೆ ಇಬ್ಬರೂ ಬಂದು ಕೂತರು. ಮೂವರನ್ನೂ ಸ್ಯಾನ್ ಡಿಯೇಗೊದ ಮನೆಯ ಮುಂದೆ ಇಳಿಸಿ ಬಂದೆ.

ಅವರು ಒಟ್ಟಿಗೇ ಉಳಿದರು. ಅವನಿಗೆ ಮೊದಲು ಒಂದು ಗೋದಾಮಿನಲ್ಲಿ, ಆಮೇಲೆ ಶಾಲೆಯ ಬಸ್ಸಿನಲ್ಲಿ ಕೆಲಸ ಸಿಕ್ಕಿತು. ದಶಕ ಮುಗಿಯುವ ಹೊತ್ತಿಗೆ ಅವರಿಗೆ ಪೌರತ್ವ ಬಂತು. ಆ ಖುಷಿಗೆ ಊಟಕ್ಕೆ ಕರೆದಿದ್ದರು. ಮೈಸೂರು ಆಂಟಿಯೂ ಬಂದಿದ್ದರು. ಅವನೇ ಮಾಂಸ ಸುಟ್ಟು ನಮಗೆಲ್ಲ ಬಡಿಸಿದ, ನನ್ನ ತಟ್ಟೆಗೆ ಎರಡು ಸಲ ಹಾಕಿದ. ಮಗಳು ಎತ್ತರವಾಗಿ ಬೆಳೆದಿದ್ದಳು.

ಊಟವಾದ ಮೇಲೆ ನಾನು ಅವಳ ಅಮ್ಮನ ಜೊತೆ ಅಡುಗೆಮನೆಯಲ್ಲಿ ತಟ್ಟೆಗಳನ್ನು ಒರೆಸುತ್ತಿದ್ದೆ. ಇಷ್ಟು ವರ್ಷ ಕೇಳದಿದ್ದದ್ದನ್ನು ಆವತ್ತು ಕೇಳಿದೆ: ಈಗ ಎಲ್ಲ ಸರಿಹೋಯಿತಾ?

‘ಸರಿಹೋಗಿದೆ. ಅವನು ಆವತ್ತೇ ಕ್ಷಮೆ ಕೇಳಿದ. ಒಳ್ಳೆಯವನು’ ಎಂದಳು. ಒಂದು ತಟ್ಟೆ ಒರೆಸಿ ಮುಗಿಸಿ ಕಪಾಟಿನಲ್ಲಿಟ್ಟಳು.

‘ಮನೆಗೆ ಯಾವ ಫಾರ್ಮ್ ಬಂದರೂ ನಾನೇ ತುಂಬುತ್ತೇನೆ. ಶಾಲೆಯದು, ವಿಮೆಯದು, ಯಾವುದಾದರೂ. ತುಂಬಿ ಮೇಜಿನ ಮೇಲಿಟ್ಟರೆ ಅವನು ಹೋಗಿ ಒಂದು ಸಲ ಓದುತ್ತಾನೆ. ಏನೂ ಹೇಳುವುದಿಲ್ಲ. ಓದಿ ಅಲ್ಲೇ ಇಡುತ್ತಾನೆ. ನಾನು ಇಲ್ಲಿ ನಿಂತುಕೊಂಡು, ಅವನು ಓದುವುದನ್ನು ನೋಡುತ್ತೇನೆ.’